22 ತಿಂಗಳ ಮಗುವಿನೊಂದಿಗೆ ಮೊದಲ ವಿದೇಶ ಪ್ರಯಾಣ: ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು?

ಪ್ರಶ್ನೆ

ನಮ್ಮ ಮಗಳಿಗೆ ಈಗ 22 ತಿಂಗಳು. ಇನ್ನು ಎರಡು ವಾರಗಳಲ್ಲಿ ನಾನೂ ನನ್ನ ಪತಿಯೂ ಅವಳನ್ನು ಕರೆದುಕೊಂಡು ಮೂರು ತಿಂಗಳ ಮಟ್ಟಿಗೆ ವಿದೇಶಕ್ಕೆ ಹೊರಟಿದ್ದೇವೆ. ಎರಡು ವಿಮಾನಗಳನ್ನು ಹತ್ತಬೇಕು, ನಡುವೆ ನಾಲ್ಕು ಗಂಟೆ ಕಾಯಬೇಕು. ಮನೆ ಬಿಟ್ಟು ಅಲ್ಲಿನ ಮನೆ ಸೇರುವಷ್ಟರಲ್ಲಿ 26 ಗಂಟೆಗಳಾದರೂ ಕಳೆಯುತ್ತವೆ. ಒಂದು ವಾರದಿಂದ ಸಾಮಾನುಗಳ ಪಟ್ಟಿ ಬರೆಯುತ್ತಿದ್ದೇನೆ, ಆದರೆ ಬರೆದಷ್ಟೂ ಅದು ಬೆಳೆಯುತ್ತಲೇ ಇದೆ. ಈಗಿನ ಲೆಕ್ಕದಲ್ಲಿ ಮಗುವಿನ ವಸ್ತುಗಳೇ ಎರಡು ದೊಡ್ಡ ಸೂಟ್‌ಕೇಸ್‌ಗಳನ್ನು ತುಂಬುತ್ತವೆ. ನಮ್ಮಿಬ್ಬರ ಬಟ್ಟೆಗಳಿಗೆ ಜಾಗವೇ ಉಳಿದಿಲ್ಲ.

ಮುಖ್ಯವಾಗಿ ಡೈಪರ್ ಮತ್ತು ಹಾಲಿನ ಪುಡಿಯನ್ನು ಎಷ್ಟು ದಿನಕ್ಕಾಗುವಷ್ಟು ಒಯ್ಯಬೇಕು, ಹಾಲು ಹಾಗೂ ಸಿರಪ್‌ಗಳನ್ನು ಭದ್ರತಾ ತಪಾಸಣೆಯಲ್ಲಿ ಬಿಡುತ್ತಾರೆಯೇ, ಸ್ಟ್ರೋಲರ್ ತೆಗೆದುಕೊಂಡು ಹೋಗುವುದು ಲಾಭವೋ ಹೊರೆಯೋ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಪಟ್ಟಿಯನ್ನು ಬದಿಗಿಟ್ಟು, ಸೂಟ್‌ಕೇಸ್‌ಗಳು ನಿಮ್ಮೊಂದಿಗೆ ಬರುವುದೇ ಇಲ್ಲ ಎಂದು ಭಾವಿಸಿಕೊಂಡು ಯೋಚಿಸಿ. ನಮಗೆ ಹಾಗೆಯೇ ಆಯಿತು. ಮೊದಲ ವಿಮಾನ ತಡವಾಗಿ ಇಳಿಯಿತು, ನಾವು ಓಡೋಡಿ ಎರಡನೆಯದನ್ನು ಹತ್ತಿದೆವು, ನಮ್ಮ ಸಾಮಾನು ಮಾತ್ರ ಹತ್ತಲಿಲ್ಲ. ಅದು ಕೈಸೇರಿದ್ದು ಮೂರನೆಯ ದಿನ. ಮಗನ ಜ್ವರದ ಔಷಧಿಯೂ ಅವನು ತಬ್ಬಿಕೊಂಡು ಮಲಗುವ ಹೊದಿಕೆಯೂ ಅದರೊಳಗಿದ್ದವು. ಔಷಧಿಯನ್ನು ಹೇಗೋ ಕೊಂಡುಕೊಂಡೆವು, ಆದರೆ ಆ ಹೊದಿಕೆಗೆ ಬದಲಿ ಎಲ್ಲಿಯೂ ಸಿಗುವಂಥದ್ದಲ್ಲ. ಮೂರು ರಾತ್ರಿ ಯಾರಿಗೂ ನಿದ್ರೆಯಿಲ್ಲ.

ಆದ್ದರಿಂದ ಪ್ರಯಾಣದ 26 ಗಂಟೆಗಳಿಗೆ ಇನ್ನೊಂದು ಪೂರ್ಣ ದಿನವನ್ನು ಸೇರಿಸಿ, ಅಷ್ಟಕ್ಕೆ ಬೇಕಾದುದೆಲ್ಲವೂ ಕೈಚೀಲದಲ್ಲಿರಲಿ. ಡೈಪರ್‌ಗಳನ್ನು ಎರಡು ಗಂಟೆಗೊಂದರಂತೆ ಎಣಿಸಿದರೆ ಪ್ರಯಾಣಕ್ಕೆ ಹದಿಮೂರಾಗುತ್ತವೆ, ಅದರ ಮೇಲೆ ಆರೇಳು ಇರಲಿ. ಮಗುವಿಗೆ ಮೂರು ಜೊತೆ ಬಟ್ಟೆಗಳನ್ನು ಒಂದೊಂದು ಜೊತೆಗೆ ಒಂದೊಂದು ಪ್ಲಾಸ್ಟಿಕ್ ಚೀಲದಂತೆ ಕಟ್ಟಿಡಿ. ಹೊಸ ಜೊತೆಯನ್ನು ತೆಗೆದ ಚೀಲದಲ್ಲೇ ಒದ್ದೆಯಾದುದನ್ನು ತುರುಕಬಹುದು. ಎಲ್ಲರೂ ಮರೆಯುವುದೆಂದರೆ ತಮಗಾಗಿ ಒಂದು ಅಂಗಿಯನ್ನು ಇಟ್ಟುಕೊಳ್ಳುವುದು. ಮಗು ವಾಂತಿ ಮಾಡಿಕೊಳ್ಳುವುದು ತನ್ನ ಮೇಲಲ್ಲ, ಎತ್ತಿಕೊಂಡವರ ಮೇಲೆ.

ದ್ರವಗಳಿಗಿರುವ 100 ಮಿಲಿಲೀಟರ್ ಮಿತಿ 2006ರ ಆಗಸ್ಟ್‌ನಲ್ಲಿ ವಿಮಾನಗಳನ್ನು ದ್ರವ ಸ್ಫೋಟಕಗಳಿಂದ ಉಡಾಯಿಸುವ ಸಂಚು ಬಯಲಾದ ಬಳಿಕ ಬಂದದ್ದು. ಮಗುವಿನ ಹಾಲು, ಆಹಾರ ಮತ್ತು ಔಷಧಿಗಳನ್ನು ಪ್ರಯಾಣಕ್ಕೆ ಬೇಕಾಗುವಷ್ಟು ಪ್ರಮಾಣದಲ್ಲಿ ಆ ಮಿತಿಯನ್ನು ಮೀರಿಯೂ ಒಯ್ಯಲು ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಅವುಗಳನ್ನು ಚೀಲದಿಂದ ಹೊರತೆಗೆದು ತಾವಾಗಿಯೇ ತೋರಿಸಬೇಕು, ಬೇರೆಯಾಗಿ ಪರೀಕ್ಷಿಸಲೂಬಹುದು. ಫ್ಲಾಸ್ಕನ್ನು ಖಾಲಿಯಾಗಿಯೇ ಒಳಗೆ ಕೊಂಡೊಯ್ದು ತಪಾಸಣೆಯ ನಂತರ ತುಂಬಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ನಡುವಿನ ನಿಲ್ದಾಣದಲ್ಲಿ ಮತ್ತೊಮ್ಮೆ ತಪಾಸಣೆಯಾಗಬಹುದು ಎಂಬುದೂ ನೆನಪಿರಲಿ.

ಸಾಮಾನು ಬರದಿದ್ದರೆ ನಿಲ್ದಾಣವನ್ನು ಬಿಡುವ ಮುನ್ನವೇ ಲಗೇಜ್ ಕೌಂಟರಿನಲ್ಲಿ ವರದಿ ಬರೆಸಿ ಅದರ ಪ್ರತಿಯನ್ನು ಪಡೆಯಿರಿ. ಅಂತಾರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ವಿಮಾನಯಾನ ಸಂಸ್ಥೆಗಳ ಹೊಣೆಯನ್ನು ನಿಗದಿಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗುವ ಪ್ರಯಾಣಗಳಲ್ಲಿ, ತಡವಾಗಿ ಬಂದ ಸಾಮಾನಿನ ಬಗ್ಗೆ ಅದು ಕೈಸೇರಿದ 21 ದಿನಗಳೊಳಗೂ ಹಾನಿಗೊಂಡದ್ದರ ಬಗ್ಗೆ 7 ದಿನಗಳೊಳಗೂ ಲಿಖಿತ ದೂರು ಕೊಡಬೇಕು. ಆ ಮೂರು ದಿನ ಕೊಂಡ ವಸ್ತುಗಳ ರಸೀದಿಗಳನ್ನು ನಾವು ಎಸೆದುಬಿಟ್ಟಿದ್ದೆವು, ನೀವು ಎಸೆಯಬೇಡಿ.

ಉತ್ತರ 2

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಔಷಧಿಗಳ ವಿಷಯವನ್ನಷ್ಟೇ ಹೇಳುತ್ತೇನೆ. ಮೇಲಿನವರು ಔಷಧಿಯನ್ನು ಹೇಗೋ ಕೊಂಡುಕೊಂಡೆವು ಎಂದು ಬರೆದಿದ್ದಾರೆ. ನನಗೆ ಭಯವಾಗುವುದು ಆ "ಹೇಗೋ" ಎಂಬ ಮಾತಿಗೇ.

ಪ್ಯಾರಾಸಿಟಮಾಲ್ ಎಂದು ನಾವು ಕರೆಯುವ ಔಷಧಿಗೆ ಅಮೆರಿಕದಲ್ಲಿ ಅಸೆಟಮಿನೋಫೆನ್ ಎಂಬ ಹೆಸರಿದೆ. ಹೆಸರಿಗಿಂತ ಅಪಾಯಕಾರಿಯಾದುದು ಸಾಂದ್ರತೆಯ ವ್ಯತ್ಯಾಸ: ಒಂದು ಸಿರಪ್‌ನ 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇದ್ದರೆ ಮತ್ತೊಂದರಲ್ಲಿ 160, ಇನ್ನೊಂದರಲ್ಲಿ 250 ಇರುತ್ತದೆ. ಈ ಔಷಧಿಯ ಪ್ರಮಾಣವನ್ನು ಸಾಮಾನ್ಯವಾಗಿ ತೂಕದ ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂನಂತೆ ಲೆಕ್ಕಹಾಕುತ್ತಾರೆ. 11 ಕಿಲೋ ತೂಗುವ ಮಗುವಿಗೆ ಮೊದಲನೆಯ ಸಿರಪ್ 5 ಮಿಲಿಲೀಟರ್ ಕೊಟ್ಟರೆ ಸರಿಹೋಗುತ್ತದೆ. "ನಮ್ಮ ಮಗುವಿಗೆ ಯಾವಾಗಲೂ 5 ಮಿಲಿಲೀಟರ್" ಎಂಬ ಅಭ್ಯಾಸದಲ್ಲಿ ಮೂರನೆಯದನ್ನು ಅಷ್ಟೇ ಕೊಟ್ಟರೆ ಅದು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಹೊರಡುವ ಮುನ್ನ ಮಗುವಿನ ತೂಕ ನೋಡಿ, ವೈದ್ಯರಿಂದ ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಬರೆಸಿಕೊಂಡು, ಈಗ ಬಳಸುತ್ತಿರುವ ಸಿರಪ್ ಬಾಟಲಿಯನ್ನು ಅದರ ಮೂಲ ಪೆಟ್ಟಿಗೆಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ. ಚಮಚದ ಬದಲು 5 ಮಿಲಿಲೀಟರಿನ ಸೂಜಿಯಿಲ್ಲದ ಸಿರಿಂಜ್ ಇರಲಿ.

ಔಷಧಿ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಒಂದು ದೇಶದಲ್ಲಿ ಸಾಧಾರಣವಾದ ನೆಗಡಿ ಔಷಧಿ ಮತ್ತೊಂದರಲ್ಲಿ ನಿಷಿದ್ಧವಾಗಿರಬಹುದು. ಜಪಾನ್‌ಗೆ, ಉದಾಹರಣೆಗೆ, ಕಟ್ಟಿದ ಮೂಗನ್ನು ಬಿಡಿಸಲು ನೆಗಡಿ ಔಷಧಿಗಳಲ್ಲಿ ಬಳಸುವ ಸೂಡೊಎಫೆಡ್ರಿನ್ ಎಂಬ ಅಂಶ ಶೇಕಡಾ 10ನ್ನು ಮೀರಿದ ಔಷಧಿಗಳನ್ನು ತರುವಂತಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್‌ಗಳನ್ನು ಹೇಗೂ ಕೊಡಬಾರದಾದ್ದರಿಂದ ಅವು ಮನೆಯಲ್ಲೇ ಉಳಿಯಲಿ. ವಿಮಾನದಲ್ಲಿ ಮಗು ನಿದ್ರಿಸಲಿ ಎಂದು ಅಲರ್ಜಿಯ ಔಷಧಿಯನ್ನು ಕೊಡುವವರಿದ್ದಾರೆ; ದಯವಿಟ್ಟು ಹಾಗೆ ಮಾಡಬೇಡಿ, ಕೆಲವು ಮಕ್ಕಳಲ್ಲಿ ಅದು ನಿದ್ರೆಯ ಬದಲು ವಿಪರೀತ ಚಡಪಡಿಕೆಯನ್ನು ತರುತ್ತದೆ. ವಿಮಾನ ಇಳಿಯುವಾಗ ಕಿವಿನೋವು ಬರುವುದು ನಡುಗಿವಿಯ ಒತ್ತಡ ಹೊರಗಿನ ಒತ್ತಡಕ್ಕೆ ತಕ್ಷಣ ಹೊಂದಿಕೊಳ್ಳದಿರುವುದರಿಂದ. ಏನನ್ನಾದರೂ ನುಂಗುತ್ತಿದ್ದರೆ ಅದು ಕಡಿಮೆಯಾಗುತ್ತದೆ. ಆ ಅರ್ಧ ಗಂಟೆಗೆಂದೇ ಒಂದು ಬಾಟಲಿ ಹಾಲನ್ನು ಉಳಿಸಿಕೊಳ್ಳಿ.

ಉತ್ತರ 3

ಸ್ಟ್ರೋಲರ್ ಒಯ್ಯಿರಿ, ಆದರೆ ಒಂದೇ ಕೈಯಲ್ಲಿ ಮಡಚಲು ಬರುವ ಹಗುರವಾದದ್ದನ್ನು. ಹಲವು ವಿಮಾನಯಾನ ಸಂಸ್ಥೆಗಳು ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲದೆ ವಿಮಾನದ ಬಾಗಿಲಿನಲ್ಲಿ ತೆಗೆದುಕೊಳ್ಳುತ್ತವೆ. ನೀವು ಕೇಳಿ ಖಚಿತಪಡಿಸಿಕೊಳ್ಳಬೇಕಾದುದು ಅದನ್ನು ಎಲ್ಲಿ ಹಿಂತಿರುಗಿಸುತ್ತಾರೆ ಎಂಬುದನ್ನು. ಎಷ್ಟೋ ಸಲ ಅದು ನೇರವಾಗಿ ಕೊನೆಯ ಊರಿಗೆ ಹೋಗಿಬಿಡುತ್ತದೆ, ನಡುವಿನ ನಾಲ್ಕು ಗಂಟೆ ಮಗು ಹೆಗಲ ಮೇಲೆಯೇ ಇರುತ್ತದೆ. ಹೀಗಾಗಿ ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಕೂಡ ಇರಲಿ.

ಯಾರೂ ಪ್ರಸ್ತಾಪಿಸದ ಒಂದು ಸಂಗತಿಯಿದೆ. ಮಗುವಿಗೆ 22 ತಿಂಗಳು, ಇರುವುದು ಮೂರು ತಿಂಗಳು ಎಂದಿದ್ದೀರಿ. ಎರಡು ವರ್ಷ ತುಂಬಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂತಿರುಗುವಂತಿಲ್ಲ. ವಾಪಸಾತಿಗೆ ಅವಳಿಗೆ ಸ್ವಂತ ಆಸನ ಬೇಕು. ಟಿಕೆಟ್ ಹೇಗಿದೆ ಎಂದು ಇಂದೇ ನೋಡಿ. ಹೋಗುವಾಗ ಮಗುವಿಗೆ ಸಿಗುವ ಲಗೇಜ್ ಮಿತಿಯೂ ಬರುವಾಗ ಸಿಗುವ ಮಿತಿಯೂ ಬೇರೆಯಾಗಿರುವ ಸಾಧ್ಯತೆ ಹೆಚ್ಚು. ಅದು ನಿಮ್ಮ ಎರಡು ಸೂಟ್‌ಕೇಸ್‌ಗಳ ಲೆಕ್ಕವನ್ನೇ ಬದಲಿಸುತ್ತದೆ.

ಡೈಪರ್‌ಗಳನ್ನು ಮೂರು ತಿಂಗಳಿಗಾಗುವಷ್ಟು ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ, ನಾಲ್ಕೈದು ದಿನಗಳಿಗೆ ಸಾಕು. ಹಾಲಿನ ಪುಡಿಯ ಮಾತು ಬೇರೆ: ರುಚಿ ಬದಲಾದರೆ ಮುಖ ತಿರುಗಿಸುವ ವಯಸ್ಸಿದು. ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬದಲಿಸಲು ಎರಡು ಮೂರು ವಾರಗಳ ಪುಡಿ ಕೈಯಲ್ಲಿರಲಿ. ಹೋಗುವ ದೇಶದ ನಿಯಮವನ್ನೂ ಓದಿ. ಐರೋಪ್ಯ ಒಕ್ಕೂಟ ಹೊರಗಿನಿಂದ ಬರುವವರ ಹಾಲಿನ ಉತ್ಪನ್ನಗಳನ್ನು ತಡೆಯುತ್ತದಾದರೂ ಶಿಶುಗಳ ಹಾಲಿನ ಪುಡಿಯನ್ನು, ಕಂಪನಿಯ ಮೂಲ ಪ್ಯಾಕೆಟ್‌ನಲ್ಲಿದ್ದರೆ, ಒಬ್ಬರಿಗೆ 2 ಕಿಲೋದವರೆಗೆ ಬಿಡುತ್ತದೆ. ಡಬ್ಬಿಗೆ ಸುರಿದುಕೊಂಡು ಹೋಗುವ ನಮ್ಮ ಜಾಣತನ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟಿಕೆಟ್ ನೋಡಿದೆವು, ಎರಡೂ ಕಡೆಗೆ ತೊಡೆಯ ಮೇಲಿನ ಶಿಶು ಎಂದೇ ಇತ್ತು. ಹಿಂತಿರುಗುವ ದಿನಕ್ಕೆ ಅವಳಿಗೆ ಎರಡು ವರ್ಷ ತುಂಬಿ ಒಂದು ತಿಂಗಳು ಮೀರಿರುತ್ತದೆ. ಇಂದು ಮಧ್ಯಾಹ್ನ ಕರೆಮಾಡಿ ಬದಲಿಸಿದೆವು. ಡೈಪರ್ ಕಟ್ಟುಗಳು ಹೊರಬಂದ ಮೇಲೆ ಒಂದು ಸೂಟ್‌ಕೇಸ್ ಪೂರ್ತಿ ಖಾಲಿಯಾಯಿತು. ಹಾಲಿನ ಬಾಟಲಿಗಳನ್ನು ಕುದಿಸುವ ವಿದ್ಯುತ್ ಉಪಕರಣವನ್ನು ಅದರಲ್ಲಿ ಇಡಬಹುದೇ?

ಉತ್ತರ 3 ಬರೆದವರು

ಉಪಕರಣದ ತಳದಲ್ಲಿರುವ ಚೀಟಿಯನ್ನು ಓದಿ. "100–240 ವೋಲ್ಟ್" ಎಂದಿದ್ದರೆ ಪ್ಲಗ್ ಅಡಾಪ್ಟರ್ ಇದ್ದರೆ ಸಾಕು. 220–240 ಎಂದಷ್ಟೇ ಇದ್ದು ನೀವು ಹೋಗುವಲ್ಲಿ 120 ವೋಲ್ಟ್ ಇದ್ದರೆ ನೀರು ಬೆಚ್ಚಗಾಗುವಷ್ಟರಲ್ಲಿ ಮಗು ಅತ್ತು ಮಲಗಿರುತ್ತದೆ. ಪವರ್ ಬ್ಯಾಂಕ್ ಇದ್ದರೆ ಅದನ್ನು ಸೂಟ್‌ಕೇಸ್‌ನಲ್ಲಿ ಹಾಕಬೇಡಿ. ಅದು ಕೈಚೀಲದಲ್ಲೇ ಇರಬೇಕು, ಅದರ ಸಾಮರ್ಥ್ಯ 100 ವ್ಯಾಟ್-ಅವರ್‌ಗಿಂತ (Wh) ಹೆಚ್ಚಾದರೆ ವಿಮಾನಯಾನ ಸಂಸ್ಥೆಯ ಅನುಮತಿಯೂ ಬೇಕು. ಆ ಖಾಲಿ ಸೂಟ್‌ಕೇಸನ್ನಂತೂ ನಾನಾಗಿದ್ದರೆ ಮನೆಯಲ್ಲೇ ಬಿಡುತ್ತಿದ್ದೆ.