ಮಲ್ಲಿಗೆ ಬಿಡಿಸಿದ್ರೆ ಕೇಸರವೇ ಕಾಣ್ತಿಲ್ಲ, ಶಾಲೆಗೆ ಯಾವ ಹೂವು ಕಳಿಸೋದು?

ಕಟಪಾಡಿ_ಅಮ್ಮ:
ಮಗಳು ಆರನೇ ಕ್ಲಾಸು. ಹೂವಿನ ಭಾಗಗಳನ್ನು ಬಿಡಿಸಿ ಡ್ರಾಯಿಂಗ್ ಶೀಟಿಗೆ ಅಂಟಿಸಿ ಸೋಮವಾರ ತರಬೇಕಂತೆ. ಮನೆಯಲ್ಲಿ ಮಲ್ಲಿಗೆ ಬೇಕಾದಷ್ಟು ಉಂಟು, ಅದನ್ನೇ ಹಿಡ್ಕೊಂಡು ಕೂತೆವು. ಬಿಳಿ ಎಸಳು ಬಂತು, ಬುಡದಲ್ಲಿ ಹಸಿರು ಎಳೆಗಳ ಹಾಗೆ ಏನೋ ಬಂತು, ಅಷ್ಟೇ. ಪುಸ್ತಕದ ಚಿತ್ರದಲ್ಲಿ ನಡುವೆ ಒಂದು ಹೂಜಿ, ಸುತ್ತ ಕೇಸರಗಳು ನಿಂತಿರುತ್ತವಲ್ಲ, ಅದೆಲ್ಲ ಎಲ್ಲಿ ಹೋಯ್ತು? ಹತ್ತು ಮೊಗ್ಗು ಹಾಳಾಯ್ತು. ಚೆಂಡಿಗೆ 800 ಮೊಗ್ಗು ಲೆಕ್ಕ ಹಾಕಿ ಕಟ್ಟುವ ಅತ್ತೆ ನನ್ನನ್ನೇ ನೋಡ್ತಿದ್ದಾರೆ. ಮಲ್ಲಿಗೆಗೆ ಕೇಸರ ಇಲ್ವಾ?

ಬಯಾಲಜಿ_ಮಾಸ್ಟ್ರು:
ಉಂಟು ಅಕ್ಕಾ, ಆದರೆ ಎರಡೇ, ಅದೂ ಒಳಗೆ ಅಡಗಿರುತ್ತವೆ. ಮಲ್ಲಿಗೆ ಎಸಳು ಮೇಲೆ ಬಿಡಿಬಿಡಿ ಕಂಡರೂ ಕೆಳಗೆ ಸೇರಿ ಸಪೂರ ಕೊಳವೆ ಆಗಿರುತ್ತದೆ. ಆ ಕೊಳವೆಯ ಒಳಗೋಡೆಗೆ ಕೇಸರ ಅಂಟಿಕೊಂಡಿರುತ್ತವೆ. ಮೊಗ್ಗು ಬೇಡ, ಅರಳಿದ್ದನ್ನು ತಗೊಂಡು ಸೂಜಿಯಿಂದ ಉದ್ದಕ್ಕೆ ಸೀಳಿ ನೋಡಿ. ಬುಡದ ಹಸಿರು ಎಳೆಗಳೇ ಪುಷ್ಪಪತ್ರ.

ಆದರೆ ಶಾಲೆಗೆ ಇದು ಬೇಡ, ಕೆಂಪು ದಾಸವಾಳ ಕೊಡಿ. ಐದು ಎಸಳಿನದ್ದೇ ಆಗಬೇಕು. ಎಸಳು ತುಂಬಿದ ಮುದ್ದೆ ದಾಸವಾಳ ತಂದರೆ ಕೆಟ್ಟಿರಿ, ಅದರಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಕೆಳಗಿನ ಹಸಿರು ಬಟ್ಟಲು ಪುಷ್ಪಪಾತ್ರೆ, ಪುಷ್ಪಪತ್ರಗಳು ಸೇರಿ ಆದದ್ದು. ಅದರ ಹೊರಗೂ ಒಂದು ಸಾಲು ಸಣ್ಣ ಹಸಿರು ಪಟ್ಟಿ ಕಾಣ್ತದೆ, ಅದರ ಹೆಸರು ಆರನೇ ಕ್ಲಾಸಿಗೆ ಬೇಡ. ನಡುವೆ ಹೊರಗೆ ಚಾಚಿದ ಕೋಲು ಒಂದೇ ಅಂದ್ಕೊಳ್ತಾರೆ ಎಲ್ಲರೂ, ಅದು ಎರಡು. ಹೊರಗಿನದ್ದು ಕೇಸರಗಳ ಕಾಲುಗಳು ಸೇರಿ ಆದ ಕೊಳವೆ, ಅದಕ್ಕೇ ಮೈತುಂಬ ಹಳದಿ ಗುಂಡು. ಅದನ್ನು ಮೆಲ್ಲ ಸೀಳಿದರೆ ಒಳಗೆ ಬಿಳಿ ನೂಲಿನ ಹಾಗೆ ಶಲಾಕೆ, ಅಂದರೆ ಹೆಣ್ಣು ಭಾಗದ ಕಡ್ಡಿ, ಸಿಗ್ತದೆ. ಅದರ ತುದಿಯೇ ಐದು ಕವಲಾಗಿ ಹೊರಗೆ ಬಂದಿರುವುದು. ಅಂಡಾಶಯ ಬುಡದಲ್ಲಿ, ಬ್ಲೇಡಿನಲ್ಲಿ ಅಡ್ಡ ಕೊಯ್ಯಿರಿ.

ಸುಳ್ಯದ_ತೋಟ:
ಮಾಸ್ಟ್ರೇ, ದಾಸವಾಳ ಕೂಡ ಆ ಚಿತ್ರದ ಹಾಗೆ ಇಲ್ಲ ಅಲ್ವಾ? ನಮ್ಮ ಸುತ್ತ ಯಾವ ಹೂವು ಉಂಟು ಹಾಗೆ? ಅಡಿಕೆಯನ್ನೇ ನೋಡಿ. ನಾಗನಿಗೆ ಇಡುವ ಹಿಂಗಾರವನ್ನು, ಅಂದರೆ ಅಡಿಕೆಯ ಹೂಗೊಂಚಲನ್ನು, ನಾವು ಒಂದು ಹೂವು ಅಂತೇವೆ, ಅದು ಒಂದಲ್ಲ ಮಾರಾಯ್ರೇ, ಸಾವಿರಾರು. ಕವಲಿನ ಬುಡದಲ್ಲಿ ದಪ್ಪಗೆ ಕೂತದ್ದು ಹೆಣ್ಣು ಹೂವು, ಅಲ್ಲಿಂದ ತುದಿವರೆಗೆ ಅಕ್ಕಿಕಾಳಿನ ಹಾಗೆ ಇರುವುದೆಲ್ಲ ಗಂಡು. ಗಂಡು ಮೊದಲು ಅರಳಿ ಉದುರಿ ಹೋಗ್ತದೆ, ಮರದ ಬುಡದಲ್ಲಿ ಬೆಳಿಗ್ಗೆ ಬಿಳಿ ಚೆಲ್ಲಿದ ಹಾಗೆ ಬಿದ್ದಿರ್ತದಲ್ಲ, ಅದೇ. ಆಮೇಲೆ ಹೆಣ್ಣಿನ ಸರದಿ. ಹಾಗಾಗಿ ಬೇರೆ ಮರದ ಪರಾಗ ಬಂದರೇ ಕಾಯಿ ಕಚ್ಚುವುದು ಜಾಸ್ತಿ. ಮಲ್ಲಿಗೆ, ದಾಸವಾಳ ದ್ವಿಲಿಂಗಿ, ಒಂದೇ ಹೂವಲ್ಲಿ ಗಂಡು ಹೆಣ್ಣು ಎರಡೂ ಉಂಟು; ಇದು ಏಕಲಿಂಗಿ. ಚೀನಿಕಾಯಿ (ಸಿಹಿಕುಂಬಳ) ಬಳ್ಳಿಯೂ ಹೀಗೆ. ಹೂವಿನ ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು.

ಪೂಂಬೆ_ಪ್ರಿಯೆ:
ಪೂಂಬೆ, ಅಂದರೆ ಬಾಳೆ ಹೂವು, ಪಲ್ಯಕ್ಕೆ ಬಿಡಿಸುವಾಗ ಪ್ರತಿ ಹೂವಿನಿಂದ ಒಂದು ಗಟ್ಟಿ ಕಡ್ಡಿ ಕಿತ್ತು ಬಿಸಾಡ್ತೇವಲ್ಲ, ತುದಿಯಲ್ಲಿ ಗುಂಡು ಇರುವುದು, ಅದು ಕೇಸರ ಅಂತಲೇ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. ಅದು ಶಲಾಕೆಯಂತೆ! ಮೇಲಿನ ಕೆಂಪು ಸಿಪ್ಪೆಯೂ ಎಸಳಲ್ಲ, ಹೂವನ್ನು ಕಾಯುವ ಎಲೆ. ಬೋಗನ್‌ವಿಲ್ಲಾದ ಬಣ್ಣದ ಕಾಗದವೂ ಅದೇ ಜಾತಿ, ಹೂವು ನಡುವಿನ ಸಣ್ಣ ಬಿಳಿ ಕೊಳವೆ ಮಾತ್ರ.
ಮತ್ತೆ ಚಿಕ್ಕವರಿರುವಾಗ ಕೇಪಳದ ಹೂವಿನಿಂದ ನೂಲು ಎಳೆದು ಜೇನು ಚೀಪ್ತಿದ್ದೆವಲ್ಲ, ಆ ನೂಲೂ ಶಲಾಕೆಯೇ.

ಕಟಪಾಡಿ_ಅಮ್ಮ:
ದಾಸವಾಳವೇ ಆಯ್ತು ಮಾಸ್ಟ್ರೇ. ಕೊಳವೆ ಸೀಳುವಾಗ ಎರಡು ಸಲ ಒಳಗಿನ ನೂಲು ತುಂಡಾಯ್ತು, ಮೂರನೇದ್ದು ಸರಿ ಬಂತು. ಅಂಡಾಶಯ ಅಡ್ಡ ಕೊಯ್ದರೆ ಐದು ಕೋಣೆ, ಒಳಗೆ ರವೆಯ ಹಾಗೆ ಬಿಳಿ ಕಾಳು. ಆದರೆ ಶೀಟಿಗೆ ಅಂಟಿಸಿದ ಎಸಳು ಸಂಜೆಗೆ ಮುದುಡಿ ನೇರಳೆ ಆಗಿದೆ, ಭಾನುವಾರ ರಾತ್ರಿ ಹೊಸದು ಅಂಟಿಸಬೇಕು. ಈಗ ಮಗಳು ಹಿತ್ತಿಲಲ್ಲಿ ಕೇಪಳ ಕೊಯ್ತಿದ್ದಾಳೆ. ಬ್ಲೇಡ್ ತೆಗೆದು ಮೇಲಿಟ್ಟಿದ್ದೇನೆ.