ಐದು ನಿಮಿಷದಲ್ಲಿ ಮೂರು ತೂಕ ತೋರಿಸುತ್ತಿದೆ, ಮಷಿನ್ ಬದಲಾಯಿಸಬೇಕಾ?

ತೀರ್ಥಹಳ್ಳಿ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಹೃದಯ ವೀಕ್ ಆಗಿದೆ, ನೀರು ಹೋಗುವ ಮಾತ್ರೆ ತಗೊಳ್ಳುತ್ತಿದ್ದಾರೆ. ದಿನಾ ಬೆಳಿಗ್ಗೆ ತೂಕ ಬರೆದಿಡಿ, ಒಂದು ದಿನಕ್ಕೆ ಒಂದು ಕಿಲೋಗಿಂತ ಜಾಸ್ತಿ ಅಥವಾ ವಾರಕ್ಕೆ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಫೋನ್ ಮಾಡಿ ಎಂದು ಡಾಕ್ಟರ್ ಹೇಳಿದ್ದಾರೆ. ಮೈಯಲ್ಲಿ ನೀರು ನಿಂತರೆ ಕಾಲು ಊದುವ ಮೊದಲೇ ತೂಕದಲ್ಲಿ ಗೊತ್ತಾಗಬಹುದಂತೆ.

ನಮ್ಮದು ಗಾಜಿನ ಡಿಜಿಟಲ್ ಮಷಿನ್. ಡಬ್ಬದ ಮೇಲೆ 180 ಕೆಜಿ, 100 ಗ್ರಾಂ ಎಂದಿದೆ. ಇವತ್ತು ಬೆಳಿಗ್ಗೆ ಮೊದಲು 63.2, ಆಮೇಲೆ 61.9, ಮತ್ತೆ ನೋಡಿದರೆ 62.8. ನಿನ್ನೆ 62.1 ಇತ್ತು. ಇದರಲ್ಲಿ ಯಾವುದನ್ನು ನಂಬಲಿ? ಹೊಸ ಸೆಲ್ ಹಾಕಿದರೂ ಹಾಗೇ ಇದೆ. ತುಂಬಾ ಭಯ ಆಗುತ್ತಿದೆ. ಒಳ್ಳೆ ಮಷಿನ್ ಯಾವುದು ಹೇಳಿ.

ತಕ್ಕಡಿ ಮೆಕ್ಯಾನಿಕ್
ಈಗಲೇ ಹೊಸದು ತಗೋಬೇಡಿ ತಂಗಿ. ನಾನು ತಕ್ಕಡಿ ರಿಪೇರಿ ಮಾಡುವವನು. ಮನೆ ಮಷಿನ್ ಕೆಟ್ಟಿದೆ ಎಂದು ತಂದವರಲ್ಲಿ ಬಹಳ ಜನರಿಗೆ ತೊಂದರೆ ಇರುವುದು ನೆಲದಲ್ಲೇ.

ಮಷಿನ್ ತಿರುಗಿಸಿ ನೋಡಿ. ನಾಲ್ಕು ಮೂಲೆಯಲ್ಲಿ ನಾಲ್ಕು ಕಾಲು ಇವೆ ಅಲ್ವಾ? ತೂಕ ಅಳೆಯುವುದು ಆ ಕಾಲುಗಳೇ. ಒಂದೊಂದರಲ್ಲೂ ಒಂದು ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ನಾಲ್ಕರ ಲೆಕ್ಕವನ್ನೂ ಕೂಡಿಸಿದರೆ ನಿಮಗೆ ಕಾಣುವ ಅಂಕಿ. ಒಂದು ಕಾಲು ಟೈಲ್ಸ್ ಸಂದಿನಲ್ಲಿ ಕೂತರೂ, ಮ್ಯಾಟ್ ಮೇಲಿದ್ದರೂ ಲೆಕ್ಕ ತಪ್ಪುತ್ತದೆ.

ಡಬ್ಬದ ಮೇಲಿನ 100 ಗ್ರಾಂ ಬಗ್ಗೆ ಒಂದು ಮಾತು. ಅಂಕಿ 100 ಗ್ರಾಂ ಹೆಜ್ಜೆಯಲ್ಲಿ ಏರುತ್ತದೆ, ಇಳಿಯುತ್ತದೆ ಎಂದಷ್ಟೇ ಅದರ ಅರ್ಥ. ತಪ್ಪು 100 ಗ್ರಾಂ ಒಳಗೇ ಇರುತ್ತದೆ ಎಂದಲ್ಲ. ಅಂಗಡಿಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಹೇಳಿ ಮಾರುತ್ತಾರೆ, ನನಗೆ ಬೇಜಾರಾಗುತ್ತದೆ.

ಮಷಿನ್ ಎಲ್ಲಿ ಇಡುತ್ತೀರಿ? ತೂಕ ನೋಡಿದ ಮೇಲೆ ಏನು ಮಾಡುತ್ತೀರಿ?

ತೀರ್ಥಹಳ್ಳಿ ಮಗಳು
ಬಚ್ಚಲ ಹೊರಗೆ, ಹಳೆ ರೆಡ್ ಆಕ್ಸೈಡ್ ನೆಲದ ಮೇಲೆ. ಆಮೇಲೆ ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಬೆಳಿಗ್ಗೆ ನೆಲಕ್ಕೆ ಇಟ್ಟ ಕೂಡಲೇ ಅಪ್ಪ ಹತ್ತುತ್ತಾರೆ.

ತಕ್ಕಡಿ ಮೆಕ್ಯಾನಿಕ್
ಎರಡು ತಪ್ಪು ಸಿಕ್ಕಂತಾಯ್ತು.

ಮಷಿನ್ ನಿಲ್ಲಿಸಿಟ್ಟಾಗ ಗಾಜಿನ ಭಾರ ಆ ಕಾಲುಗಳ ಮೇಲೆ ಬೀಳುವ ರೀತಿಯೇ ಬೇರೆ. ಮಲಗಿಸಿದ ಮೇಲೆ ಅದು ಹೊಸದಾಗಿ ಸೊನ್ನೆ ಹಿಡಿಯಬೇಕು. ಇಟ್ಟ ಮೇಲೆ ಕಾಲಲ್ಲಿ ಒಮ್ಮೆ ಒತ್ತಿ ಬಿಡಿ. 0.0 ಬಂದು ತಾನಾಗಿ ಆಫ್ ಆಗಲಿ. ಆಮೇಲೆ ಹತ್ತಲಿ. ಜಾಗ ಬದಲಿಸದೇ ಅಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದು.

ನೆಲಕ್ಕೆ ಕಾಗದದ ಪರೀಕ್ಷೆ ಮಾಡಿ. ಒಂದೊಂದು ಕಾಲಿನ ಕೆಳಗೂ ಕಾಗದ ತೂರಿಸಿ. ಎಲ್ಲಾದರೂ ಸಲೀಸಾಗಿ ಹೋದರೆ ಆ ಕಾಲು ನೆಲಕ್ಕೆ ತಾಗಿಲ್ಲ. ಸಮ ಇರುವ ಗಟ್ಟಿ ಜಾಗ ಹುಡುಕಿ.

ಆಮೇಲೆ ಬಿಚ್ಚದ 10 ಕೆಜಿ ಹಿಟ್ಟಿನ ಚೀಲ ತಗೊಳ್ಳಿ. ನೀವು ಹತ್ತಿ ನೋಡಿ, ಚೀಲ ಎತ್ತಿಕೊಂಡು ಮತ್ತೆ ನೋಡಿ. ಹತ್ತು ಕಿಲೋ ಮತ್ತು ಚೀಲದ ಸ್ವಲ್ಪ ತೂಕ ಮಾತ್ರ ಜಾಸ್ತಿ ಬರಬೇಕು. ಎಣ್ಣೆ ಪ್ಯಾಕೆಟ್ ಬೇಡ, ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ಅಷ್ಟೇ. ಪೂರ್ತಿ ತೂಕ ಸರಿಯಿದೆಯಾ ಎಂದು ನೋಡಬೇಕಿದ್ದರೆ ಅಡಿಕೆ ಮಂಡಿಯಲ್ಲಿ ಮುದ್ರೆ ಬಿದ್ದ ತಕ್ಕಡಿ ಇರುತ್ತದೆ. ಅಲ್ಲಿ ಒಂದು ಮೂಟೆ ತೂಗಿಸಿ, ಅದನ್ನೇ ತಂದು ಮನೆಯಲ್ಲಿ ತೂಗಿ.

ನರ್ಸ್ ಅಕ್ಕ, ಹುಬ್ಬಳ್ಳಿ
ತಂಗಿ, ಅಪ್ಪ ಹತ್ತಿದಾಗ ಅವರ ಕೈ ಎಲ್ಲಿರುತ್ತದೆ ನೋಡಿದ್ದೀರಾ? ನಾವು ಬಗ್ಗಿ ಅಂಕಿ ನೋಡುತ್ತೇವೆ, ಕೈ ನೋಡುವುದಿಲ್ಲ. ವಯಸ್ಸಾದವರು ಬೀಳುವ ಭಯಕ್ಕೆ ಗೋಡೆಯನ್ನೋ ಬಾಗಿಲನ್ನೋ ಮುಟ್ಟುತ್ತಾರೆ. ಮೆಲ್ಲಗೆ ಊರಿದರೂ ಒಂದು ಕಿಲೋ ಕಡಿಮೆ ಆಗಬಹುದು.

ಬಿಡಿಸಬೇಡಿ ಮತ್ತೆ! ಗಾಜು ಒದ್ದೆ ಇದ್ದರೆ ಜಾರುತ್ತದೆ. ಹತ್ತುವಾಗ, ಇಳಿಯುವಾಗ ಹಿಡಿದುಕೊಳ್ಳಲಿ. ಅಂಕಿ ನಿಲ್ಲುವ ಆ ಕ್ಷಣ ಮಾತ್ರ ಕೈ ಬಿಡಲಿ, ನೀವು ಹಿಂದೆ ನಿಂತಿರಿ.

ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು, ದಿನಾ ಒಂದೇ ಥರದ ಬಟ್ಟೆಯಲ್ಲಿ ನೋಡಿ. ಚಳಿ ಎಂದು ಸ್ವೆಟರ್ ಹಾಕಿದ ದಿನ ಅದೇ ಅರ್ಧ ಕಿಲೋ ಆಗುತ್ತದೆ. ಒಂದು ಲೋಟ ನೀರು ಕುಡಿದರೂ 200 ಗ್ರಾಂ ಏರುತ್ತದೆ. ಉಸಿರು ಕಟ್ಟಿದರೆ, ಕಾಲು ಊದಿದರೆ ಮಾತ್ರ ಅಂಕಿಗೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ.

ಇನ್ನೊಂದು, ಕೊಬ್ಬು ತೋರಿಸುವ ಮಷಿನ್ ಆದರೆ ಅದು ಪಾದದಿಂದ ಸಣ್ಣ ಕರೆಂಟ್ ಹಾಯಿಸುತ್ತದೆ. ಅಪ್ಪನಿಗೆ ಪೇಸ್‌ಮೇಕರ್ ಇದ್ದರೆ ಅಂಥದ್ದು ಬೇಡವೇ ಬೇಡ.

ತೀರ್ಥಹಳ್ಳಿ ಮಗಳು
ಪೇಸ್‌ಮೇಕರ್ ಇಲ್ಲ ಅಕ್ಕ, ಮಷಿನ್ ಕೂಡ ಸಾದಾ. ನಿಮ್ಮ ಮಾತು ನಿಜ. ಇವತ್ತು ನೋಡಿದೆ, ಎಡಗೈ ಬಾಗಿಲ ಚೌಕಟ್ಟಿನ ಮೇಲೆ! ಇಷ್ಟು ದಿನ ನನಗೆ ಕಂಡೇ ಇರಲಿಲ್ಲ.

ಒಂದು ಕಾಲಿನ ಕೆಳಗೆ ಕಾಗದ ಆರಾಮಾಗಿ ಹೋಯ್ತು. ಈಗ ಮಷಿನ್ ಅಡುಗೆಮನೆ ಪಕ್ಕದ ಗ್ರಾನೈಟ್ ನೆಲದಲ್ಲಿದೆ. ಪಕ್ಕದಲ್ಲಿ ಭಾರದ ಕುರ್ಚಿ ಇಟ್ಟಿದ್ದೇನೆ, ಅದನ್ನು ಹಿಡಿದು ಹತ್ತುತ್ತಾರೆ. ಹಿಟ್ಟಿನ ಚೀಲ 10.1 ಬಂತು. ಅಪ್ಪ ಮೂರು ಸಲ ಹತ್ತಿದರು, ಮೂರು ಸಲವೂ 62.4!

ತಕ್ಕಡಿ ಮೆಕ್ಯಾನಿಕ್
ಚೀಲದ ಲೆಕ್ಕ ಸರಿ ಇದೆ. ಆದರೆ ಮೂರೂ ಸಲ 62.4 ಎಂದರೆ ಪೂರ್ತಿ ನಂಬಬೇಡಿ. ಕೆಲವು ಮಷಿನ್‌ಗಳು ಹಿಂದಿನ ಅಂಕಿ ನೆನಪಿಟ್ಟುಕೊಳ್ಳುತ್ತವೆ. ಹೊಸ ತೂಕ ಅದರ ಹತ್ತಿರವೇ ಇದ್ದರೆ ಹಳೆಯದನ್ನೇ ತೋರಿಸುತ್ತವೆ. ನಿಮ್ಮ ಕೆಲಸಕ್ಕೆ ಇದು ಮುಖ್ಯ, ನಿಧಾನವಾಗಿ ಏರುವ ತೂಕ ಮುಚ್ಚಿಹೋಗಬಹುದು. ಅಪ್ಪ ಇಳಿದ ಮೇಲೆ ಹಿಟ್ಟಿನ ಚೀಲ ಇಟ್ಟು ತೆಗೆಯಿರಿ, ಆಮೇಲೆ ಮತ್ತೆ ಹತ್ತಿಸಿ. ಇನ್ನೊಂದು ಸಲ ಅವರ ಕೈಗೆ ಅರ್ಧ ಲೀಟರ್ ನೀರಿನ ಬಾಟಲಿ ಕೊಟ್ಟು ನೋಡಿ.

ಮುಂದೆ ಮಷಿನ್ ಬದಲಿಸಿದರೆ ಒಂದು ವಾರ ಎರಡರಲ್ಲೂ ನೋಡಿ ಬರೆಯಿರಿ. ಎರಡಕ್ಕೂ ಅರ್ಧ ಕಿಲೋ ವ್ಯತ್ಯಾಸ ಇದ್ದರೂ ತೊಂದರೆ ಇಲ್ಲ. ನಿಮಗೆ ಬೇಕಿರುವುದು ನಿನ್ನೆಗೂ ಇವತ್ತಿಗೂ ಏನಾಯ್ತು ಎಂಬ ಲೆಕ್ಕ.

ತೀರ್ಥಹಳ್ಳಿ ಮಗಳು
ಚೀಲ ಇಟ್ಟು ತೆಗೆದ ಮೇಲೆ 62.3. ಬಾಟಲಿ ಹಿಡಿದಾಗ 62.9. ಇಷ್ಟು ಸಾಕಲ್ವಾ ಅಣ್ಣ?

ಹಿಂದಿನ ಹದಿನೈದು ದಿನದ ಪುಟಕ್ಕೆ ಗೆರೆ ಎಳೆದಿದ್ದೇನೆ. ಆ ಅಂಕಿಗಳನ್ನು ನಂಬಬೇಡಿ ಎಂದು ಡಾಕ್ಟರಿಗೂ ಫೋನ್ ಮಾಡಿ ಹೇಳಿದೆ. ಇವತ್ತಿನಿಂದ ಹೊಸ ಪುಟ.

ತಕ್ಕಡಿ ಮೆಕ್ಯಾನಿಕ್
ಸಾಕು ತಂಗಿ. ಮಷಿನ್ ಚೆನ್ನಾಗಿದೆ.