ಬಿಸಿಯಾದ ಮೇಲೆ ಸೆಲ್ಫ್ ತಗೊಳ್ಳದ ಸ್ಪೋರ್ಟ್ಸ್ ಕಾರು: ಒಂದೇ ‘ಟಿಕ್’, ಆಮೇಲೆ ಏನೂ ಇಲ್ಲ

ಹಿಂಚಕ್ರ

ಕಾರು 1990ರ ದಶಕದ ಎರಡು ಸೀಟಿನ ರೋಡ್‌ಸ್ಟರ್. ಮುಂದೆ 1.8 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ರಿಯರ್ ವೀಲ್ ಡ್ರೈವ್, ಮ್ಯಾನುಯಲ್ ಗೇರ್, ಬ್ಯಾಟರಿ ಡಿಕ್ಕಿಯಲ್ಲಿ. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಅರ್ಧ ಗಂಟೆ ಜೋರಾಗಿ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ ತಗೊಳ್ಳುವುದಿಲ್ಲ. ಕೆಳಗಿನಿಂದ ಸಣ್ಣಗೆ ಒಂದು ‘ಟಿಕ್’, ಅಷ್ಟೆ. ಹೆಡ್‌ಲೈಟ್ ಮಂಕಾಗುವುದಿಲ್ಲ. ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ.

ಬ್ಯಾಟರಿ ಹೊಸದು: ಸುಮ್ಮನೆ ಇರುವಾಗ 12.6 ವೋಲ್ಟ್, ಲೋಡ್ ಟೆಸ್ಟ್ ಪಾಸ್. ಎಂಜಿನ್ ಓಡುವಾಗ 14.2. ಟರ್ಮಿನಲ್ ಉಜ್ಜಿ ಬಿಗಿ ಮಾಡಿದ್ದಾಗಿದೆ, ಫ್ಯೂಸ್ ಎಲ್ಲ ಸರಿಯಿವೆ. ಸ್ಟಾರ್ಟರ್ ಮೋಟಾರ್ ಎಕ್ಸಾಸ್ಟ್ ಪೈಪಿನ ಮಗ್ಗುಲಲ್ಲೇ ಕೂತಿದೆ, ಬಿಚ್ಚಲು ಕೈ ಹೋಗುವುದೇ ಕಷ್ಟ. ಅದನ್ನೇ ಬದಲಿಸಬೇಕಾ, ಬೇರೆ ಏನಾದರೂ ನೋಡಬೇಕಾ?

ಓಮ್‌ಸೂತ್ರ

ಈಗಲೇ ಬಿಚ್ಚಬೇಡಿ. ನೀವು ಬರೆದ ಎರಡು ಸಂಗತಿಯಲ್ಲೇ ಅರ್ಧ ಉತ್ತರ ಇದೆ: ಸದ್ದು ಸಣ್ಣದು, ದೀಪ ಮಂಕಾಗಲಿಲ್ಲ.

ಸ್ಟಾರ್ಟರ್ ತಿರುಗಲು ಹೊರಟರೆ ನೂರಾರು ಆಂಪಿಯರ್ ಎಳೆಯುತ್ತದೆ. ಆಗ ದೀಪ ಬಾಡಲೇಬೇಕು. ಬಾಡಲಿಲ್ಲ ಅಂದರೆ ಮೋಟಾರಿಗೆ ಕರೆಂಟೇ ಹೋಗಿಲ್ಲ. ದೀಪ ಪೂರ್ತಿ ಬಾಡಿ ‘ಧಡ್’ ಅಂತ ನಿಂತಿದ್ದರೆ ಎಂಜಿನ್ ಹಿಡಿದುಕೊಂಡಿದೆಯೋ, ಮೋಟಾರ್ ಒಳಗೆ ಶಾರ್ಟೋ ಎಂದು ಹುಡುಕಬೇಕಿತ್ತು. ‘ಟಕಟಕಟಕ’ ಅಂತ ಬಡಿದುಕೊಂಡಿದ್ದರೆ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಲೂಸ್: ಸೊಲೆನಾಯ್ಡ್ (ಸ್ಟಾರ್ಟರ್ ಮೇಲಿನ ವಿದ್ಯುತ್ಕಾಂತದ ಸ್ವಿಚ್, ಮೋಟಾರಿಗೆ ಕರೆಂಟ್ ಬಿಡುವುದು ಅದೇ) ಕೂರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಟ್ಟುಬಿಡುತ್ತದೆ, ಮತ್ತೆ ಕೂರುತ್ತದೆ. ದೀಪ ಬಾಡದೆ ಜೋರಾಗಿ ಒಂದೇ ‘ಟಕ್’ ಬಂದಿದ್ದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ತಿಂದುಹೋಗಿದೆ, ಇಲ್ಲವೇ ಕಾರ್ಬನ್ ಬ್ರಷ್ ಮುಗಿದಿದೆ. ನಿಮ್ಮದು ಇವು ಯಾವುವೂ ಅಲ್ಲ. ಸೊಲೆನಾಯ್ಡ್ ಪೂರ್ತಿ ಎಳೆದುಕೊಳ್ಳುತ್ತಲೇ ಇಲ್ಲ ಅನಿಸುತ್ತದೆ.

ಬಿಸಿಗೇ ಯಾಕೆ? ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ. ಸೊಲೆನಾಯ್ಡ್ ಒಳಗಿನ ತಾಮ್ರದ ಸುರುಳಿ 25ರಿಂದ 105 ಡಿಗ್ರಿಗೆ ಹೋದರೆ ರೋಧ 31 ಶೇಕಡಾ ಹೆಚ್ಚು, ಅಂದರೆ ಅದೇ ವೋಲ್ಟೇಜಿಗೆ ಕರೆಂಟ್ ಮುಕ್ಕಾಲು ಪಾಲು ಮಾತ್ರ. ಎಳೆತ ಹೆಚ್ಚುಕಡಿಮೆ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಬಲ 40 ಶೇಕಡಾದಷ್ಟು ಕುಸಿಯುತ್ತದೆ. ಎಲ್ಲ ನೆಟ್ಟಗಿರುವ ಕಾರಿನಲ್ಲಿ ಇಷ್ಟಕ್ಕೆಲ್ಲ ಏನೂ ಆಗದು. ಕೀಯಿಂದ ಸೊಲೆನಾಯ್ಡ್‌ಗೆ ಬರುವ ದಾರಿಯಲ್ಲೇ ವೋಲ್ಟೇಜ್ ಸೋರುತ್ತಿದ್ದರೆ ಮಾತ್ರ ಈ ಬಿಸಿ ಸಾಕು, ಪ್ಲಂಜರ್ (ಸುರುಳಿ ಒಳಗೆಳೆಯುವ ಕಬ್ಬಿಣದ ಸರಳು) ಅರ್ಧಕ್ಕೇ ನಿಲ್ಲಲು.

ತಣ್ಣಗಿರುವಾಗಲೇ ಮಲ್ಟಿಮೀಟರಿನ ಉದ್ದ ವೈರ್‌ಗಳನ್ನು ಸಿಕ್ಕಿಸಿ ಸಿದ್ಧ ಮಾಡಿಕೊಳ್ಳಿ, ಅಳೆಯುವುದು ತೊಂದರೆ ಬಂದ ಕ್ಷಣದಲ್ಲೇ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕ್ಲಚ್ ಒತ್ತಿ ಕೀ ಹಿಡಿಯಲು ಇನ್ನೊಬ್ಬರು. ಒಂದು ಸಲಕ್ಕೆ 2–3 ಸೆಕೆಂಡ್ ಸಾಕು. ಪ್ಲಂಜರ್ ಕೂರದೆ ಎಳೆಯುವ ಸುರುಳಿಗೆ ಕರೆಂಟ್ ಹೋಗುತ್ತಲೇ ಇದ್ದರೆ ಅದೇ ಸುಡುತ್ತದೆ. ಕೀ ಹಿಡಿದಿರುವಾಗ ಬೇಕಾದ ಅಂಕಿಗಳು:

– ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ (ಕ್ಲಾಂಪ್ ಮೇಲಲ್ಲ, ಕಂಬದ ಮೇಲೇ)
– ಸ್ಟಾರ್ಟರಿನ ಸಣ್ಣ ಟರ್ಮಿನಲ್ (ಕೀ ಕಡೆಯ ವೈರ್ ಬರುವುದು) ಮತ್ತು ಸ್ಟಾರ್ಟರ್ ಮೈ ನಡುವೆ
– ಇಗ್ನಿಷನ್ ಸ್ವಿಚ್‌ನ ಒಳಬರುವ ಮತ್ತು ಹೊರಹೋಗುವ ವೈರ್‌ಗಳ ನಡುವೆ
– ಕ್ಲಚ್ ಪೆಡಲ್ ಸ್ವಿಚ್‌ನ (ಕ್ಲಚ್ ಒತ್ತಿದರೆ ಮಾತ್ರ ಸೆಲ್ಫ್‌ಗೆ ಕರೆಂಟ್ ಬಿಡುವುದು) ಎರಡು ವೈರ್‌ಗಳ ನಡುವೆ

ಪ್ಲಂಜರ್

ಮೇಲಿನದಕ್ಕೆ ಒಂದು ಸೇರಿಕೆ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರಿನಲ್ಲಿ ದಪ್ಪ ಕೇಬಲ್ಲಿನ ಮೇಲೂ ಅನುಮಾನ ಬರುವುದು ಸಹಜ. ಆದರೆ ಅದನ್ನು ತೊಂದರೆ ಬಂದಾಗ ಅಳೆದರೆ ಮೋಸಹೋಗುತ್ತೀರಿ. ಮೋಟಾರಿಗೆ ಕರೆಂಟೇ ಹರಿಯದಿದ್ದಾಗ ಕೇಬಲ್ ಎಷ್ಟೇ ಕೆಟ್ಟಿರಲಿ, ಮೀಟರ್ ಸೊನ್ನೆ ತೋರಿಸುತ್ತದೆ. ಹಾಗಾಗಿ ಈ ಎರಡನ್ನು ತಣ್ಣಗೆ, ಸೆಲ್ಫ್ ತಿರುಗುವಾಗಲೇ ನೋಡಿ. ಫ್ಯುಯೆಲ್ ಪಂಪ್ ಫ್ಯೂಸ್ ಕಿತ್ತು, ಎಂಜಿನ್ ಓಡಿಸಿ ತಾನಾಗಿ ನಿಲ್ಲಲು ಬಿಟ್ಟರೆ ಐದು ಸೆಕೆಂಡ್ ಸುಮ್ಮನೆ ತಿರುಗಿಸಬಹುದು.

ಬ್ಯಾಟರಿ ಪ್ಲಸ್ ಕಂಬದಿಂದ ಸ್ಟಾರ್ಟರಿನ ದೊಡ್ಡ ಬೋಲ್ಟಿಗೆ: 0.5 ವೋಲ್ಟ್ ಒಳಗಿರಬೇಕು. ಬ್ಯಾಟರಿ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ: 0.3 ಒಳಗೆ. ಲೆಕ್ಕ ಬೇಕಿದ್ದರೆ, 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಮೀಟರಿಗೆ 0.7 ಮಿಲಿಓಮ್, 4 ಮೀಟರ್, 150 ಆಂಪಿಯರ್ ಅಂದರೆ ಕೇಬಲ್ ಹೊಸದಾಗಿದ್ದರೂ 0.42 ವೋಲ್ಟ್ ಹೋಗುತ್ತದೆ. 35 ಚದರ ಮಿಲಿಮೀಟರ್ ಹಾಕಿದರೆ ಅದು 0.3ಕ್ಕೆ ಬರುತ್ತದೆ. ಅರ್ತ್ ಕಡೆ ಹೆಚ್ಚು ಬಂದರೆ ಬಾಡಿಯಿಂದ ಎಂಜಿನ್‌ಗೆ ಬರುವ ಹೆಣೆದ ಪಟ್ಟಿಯನ್ನು ಮೊದಲು ನೋಡಿ. ಬೋಲ್ಟ್ ಕೆಳಗೆ ಪೇಂಟ್ ಅಥವಾ ತುಕ್ಕು ಕೂತಿರುತ್ತದೆ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ.

ಕ್ಲಚ್ ಪೆಡಲ್ ಬುಡದಲ್ಲಿ ಸ್ವಿಚ್ ಒತ್ತುವ ರಬ್ಬರ್ ಗುಂಡಿ ಪುಡಿಯಾಗಿ ಉದುರುವುದು ಹಳೆಯ ಕಾರುಗಳಲ್ಲಿ ತೀರಾ ಮಾಮೂಲು. ಆಗ ಸ್ವಿಚ್ ಪೂರ್ತಿ ಒತ್ತುವುದಿಲ್ಲ. ಕಾರ್ಪೆಟ್ ಮೇಲೆ ರಬ್ಬರಿನ ಚೂರು ಬಿದ್ದಿದೆಯಾ ನೋಡಿ.

ಹಿಂಚಕ್ರ

ಅಳೆದಾಯಿತು. ಬಿಸಿಯಲ್ಲಿ, ‘ಟಿಕ್’ ಬಂದಾಗ:

ಬ್ಯಾಟರಿ ಕಂಬಗಳಲ್ಲಿ 12.3. ಸಣ್ಣ ಟರ್ಮಿನಲ್‌ನಲ್ಲಿ 7.6. ಇಗ್ನಿಷನ್ ಸ್ವಿಚ್ ಆಚೀಚೆ 2.9. ಕ್ಲಚ್ ಸ್ವಿಚ್ ಆಚೀಚೆ 0.3.

ತಣ್ಣಗೆ, ತಿರುಗುವಾಗ: ಬ್ಯಾಟರಿ 10.7, ಸಣ್ಣ ಟರ್ಮಿನಲ್ 9.8, ಪ್ಲಸ್ ಕೇಬಲ್ 0.35, ಅರ್ತ್ 0.12. ರಬ್ಬರ್ ಗುಂಡಿ ಗಟ್ಟಿಯಾಗಿದೆ.

ತಣ್ಣಗೆ ಬರೀ 0.9 ವೋಲ್ಟ್ ಕಳೆದುಹೋಗುವ ದಾರಿಯಲ್ಲೇ ಬಿಸಿಗೆ 4.7 ಹೋಗುವುದು ಹೇಗೆ? ಸ್ವಿಚ್ ಇರುವುದು ಸ್ಟೀರಿಂಗ್ ಹತ್ತಿರ, ಅದೇನೂ ಬಿಸಿಯಾಗಿರಲಿಲ್ಲ.

ಓಮ್‌ಸೂತ್ರ

ಒಳ್ಳೆಯ ಪ್ರಶ್ನೆ. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವಂತಿಲ್ಲ. ಸೊಲೆನಾಯ್ಡ್‌ನಲ್ಲಿ ಎರಡು ಸುರುಳಿ ಇವೆ: ಎಳೆಯುವುದು ಒಂದು, ಹಿಡಿದುಕೊಳ್ಳುವುದು ಇನ್ನೊಂದು. ಮೊದಲ ಕ್ಷಣ ಎರಡೂ ಸೇರಿ 30 ಆಂಪಿಯರ್ ದಾಟಬಹುದು. ಎಳೆಯುವ ಸುರುಳಿಯ ಇನ್ನೊಂದು ತುದಿ ಮೋಟಾರ್ ಮೂಲಕ ಅರ್ತ್‌ಗೆ ಹೋಗುತ್ತದೆ. ಕಾಂಟ್ಯಾಕ್ಟ್ ಕೂತ ಕೂಡಲೇ ಆ ತುದಿಗೂ ಬ್ಯಾಟರಿ ವೋಲ್ಟೇಜ್ ಬಂದು ಅದರ ಕೆಲಸ ಮುಗಿಯುತ್ತದೆ. ಉಳಿಯುವುದು ಹಿಡಿಯುವ ಸುರುಳಿಯ ಹತ್ತರೊಳಗಿನ ಆಂಪಿಯರ್. ತಣ್ಣಗೆ ನೀವು ಅಳೆದದ್ದು ಕೂತಾದ ಮೇಲಿನದು, ಬಿಸಿಗೆ ಅಳೆದದ್ದು ಕೂರದೆ ಒದ್ದಾಡುತ್ತಿರುವಾಗಿನದು. ದಾರಿ ಎರಡೂ ಹೊತ್ತಿನಲ್ಲಿ ಅಷ್ಟೇ ಕೆಟ್ಟಿದೆ. ತಣ್ಣಗಿದ್ದಾಗ ಸೊಲೆನಾಯ್ಡ್ ಹೇಗೋ ಸುಧಾರಿಸಿಕೊಳ್ಳುತ್ತಿತ್ತು.

12.3ರಲ್ಲಿ 7.6 ಕಳೆದರೆ 4.7. ಸ್ವಿಚ್‌ನಲ್ಲಿ 2.9, ಕ್ಲಚ್‌ನಲ್ಲಿ 0.3, ಉಳಿದ 1.5 ವೈರು ಮತ್ತು ಕನೆಕ್ಟರ್‌ಗಳಲ್ಲಿ. ಇಷ್ಟು ಉದ್ದದ ಸಣ್ಣ ವೈರಿಗೆ 1.5 ತೀರಾ ಅತಿಯೇನಲ್ಲ. ಕಳ್ಳ ಇಗ್ನಿಷನ್ ಸ್ವಿಚ್. 2.9 ವೋಲ್ಟ್, 30 ಆಂಪಿಯರ್ ಅಂದರೆ ಆ ಪುಟ್ಟ ಕಾಂಟ್ಯಾಕ್ಟ್ ಮೇಲೆ 87 ವ್ಯಾಟ್. ಸಾಮಾನ್ಯ ಸಾಲ್ಡರಿಂಗ್ ಐರನ್‌ಗೂ ಅಷ್ಟಿರುವುದಿಲ್ಲ.

ಪರಿಹಾರ: 40 ಆಂಪಿಯರ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. 30, 85, 86, 87 ಅದರ ಪಿನ್‌ಗಳ ಸಂಖ್ಯೆ. ಈಗ ಸಣ್ಣ ಟರ್ಮಿನಲ್‌ಗೆ ಬರುತ್ತಿರುವ ವೈರನ್ನು ಬಿಡಿಸಿ ರಿಲೇಯ 86ಕ್ಕೆ ಕೊಡಿ. 85 ಅರ್ತ್‌ಗೆ. ಸ್ಟಾರ್ಟರಿನ ದೊಡ್ಡ ಬೋಲ್ಟಿನಿಂದ 30 ಆಂಪಿಯರ್ ಫ್ಯೂಸ್ ಮೂಲಕ ಪಿನ್ 30ಕ್ಕೆ, ಫ್ಯೂಸ್ ಬೋಲ್ಟಿಗೆ ಆದಷ್ಟು ಹತ್ತಿರ. 87ರಿಂದ ಸಣ್ಣ ಟರ್ಮಿನಲ್‌ಗೆ. 30 ಮತ್ತು 87ರ ವೈರ್ 4 ಚದರ ಮಿಲಿಮೀಟರ್. ರಿಲೇ ಒಳಗೆ ಡಯೋಡ್ ಇದ್ದರೆ 85, 86 ಅದಲುಬದಲಾಗಬಾರದು. ಕ್ಲಚ್ ಸ್ವಿಚ್ ಹಳೆಯ ವೈರಿನಲ್ಲೇ ಉಳಿಯುವುದರಿಂದ ಸುರಕ್ಷತೆಗೆ ಧಕ್ಕೆ ಇಲ್ಲ.

ಪ್ಲಂಜರ್

ರಿಲೇಗೆ ನನ್ನ ತಕರಾರಿಲ್ಲ, ಆದರೆ ಸ್ವಿಚ್ಚನ್ನು ಹಾಗೇ ಬಿಡಬೇಡಿ. ರಿಲೇ ಹಾಕಿದರೆ ಅದರಲ್ಲಿ ಹರಿಯುವುದು 0.2 ಆಂಪಿಯರ್ ಆಸುಪಾಸು, ಹಾಗಾಗಿ ವೋಲ್ಟೇಜ್ ಸೋರಿಕೆ ಹೋಗುತ್ತದೆ, ನಿಜ. ಆದರೆ ಕಾಂಟ್ಯಾಕ್ಟ್ ಸುಟ್ಟಿದ್ದರೆ ಅದರ ಸುತ್ತಲಿನ ಪ್ಲಾಸ್ಟಿಕ್ಕೂ ಕರಗಿರಬಹುದು. ಕೀ ‘ಸ್ಟಾರ್ಟ್’ನಿಂದ ವಾಪಸ್ ಬರದೆ ಸಿಕ್ಕಿಕೊಂಡರೆ ಎಂಜಿನ್ ಓಡುವಾಗಲೂ ಸ್ಟಾರ್ಟರ್ ಹಲ್ಲು ಕಚ್ಚಿಕೊಂಡೇ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಬೀಗದ ಭಾಗ ಬಿಟ್ಟು ಹಿಂದಿನ ಎಲೆಕ್ಟ್ರಿಕ್ ಭಾಗವಷ್ಟೇ ಎರಡು ಸ್ಕ್ರೂನಲ್ಲಿ ಬಿಚ್ಚಿ ಬರುತ್ತದೆ, ಕೀ ಬದಲಾಗುವುದಿಲ್ಲ. ಕನೆಕ್ಟರ್ ಕಿತ್ತಾಗ ಕಂದು ಬಣ್ಣಕ್ಕೆ ತಿರುಗಿದ ಪಿನ್ ಇದ್ದರೆ ಅದನ್ನೂ ಬದಲಿಸಿ.

ಮುಂದೆ ಯಾವಾಗಲಾದರೂ ಸ್ಟಾರ್ಟರ್ ಇಳಿಸಿದರೆ ಪ್ಲಂಜರ್ ಒರೆಸಿ ಒಣಗಿದ್ದ ಹಾಗೇ ಹಾಕಿ. ಗ್ರೀಸ್ ಹಚ್ಚಿದರೆ ಕ್ಲಚ್ ಧೂಳು ಅಂಟಿ ಗೋಂದಿನ ಹಾಗಾಗುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಸ್ಟಾರ್ಟ್ ಮಾಡುವ ಸಲಹೆ ಯಾರಾದರೂ ಕೊಟ್ಟಾರು; ಕೆಲವು ಮೋಟಾರುಗಳಲ್ಲಿ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ, ಪೆಟ್ಟಿಗೆ ಒಡೆಯುತ್ತವೆ.

ಹಿಂಚಕ್ರ

ಎರಡನ್ನೂ ಮಾಡುತ್ತೇನೆ. ರಿಲೇ ಎಲ್ಲಿ ಕೂರಿಸಲಿ? ಸ್ಟಾರ್ಟರ್ ಪಕ್ಕದಲ್ಲೇ ಆದರೆ ವೈರ್ ಗಿಡ್ಡವಾಗುತ್ತದೆ.

ಓಮ್‌ಸೂತ್ರ

ಅಲ್ಲಿ ಬೇಡ, ಬಿಸಿಗೆ ರಿಲೇ ಸುರುಳಿಯದೂ ಅದೇ ಪಾಡು. ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಮೇಲ್ಭಾಗದಲ್ಲಿ, ಎಕ್ಸಾಸ್ಟ್‌ನ ಎದುರು ಬದಿಗೆ, ಟರ್ಮಿನಲ್‌ಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ಒಂದೂವರೆ ಮೀಟರ್ ವೈರ್ ಹೆಚ್ಚಾದರೂ 4 ಚದರ ಮಿಲಿಮೀಟರಿನಲ್ಲಿ 30 ಆಂಪಿಯರ್‌ಗೆ 0.2 ವೋಲ್ಟ್ ಮಾತ್ರ. ವೈರ್‌ಗಳಿಗೆ ಬಿಸಿ ತಡೆಯುವ ಫೈಬರ್‌ಗ್ಲಾಸ್ ತೋಳು ಹಾಕಿ.

ಸ್ಟಾರ್ಟರಿನ ದೊಡ್ಡ ಬೋಲ್ಟ್ ಕೀ ತೆಗೆದರೂ ಲೈವ್ ಇರುತ್ತದೆ. ಸ್ಪ್ಯಾನರ್ ಹಿಡಿಯುವ ಮುಂಚೆ ಡಿಕ್ಕಿಗೆ ಹೋಗಿ ಮೈನಸ್ ಕ್ಲಾಂಪ್ ಕಿತ್ತಿಡಿ, ರೇಡಿಯೋಗೆ ಕೋಡ್ ಬೇಕಿದ್ದರೆ ಅದಕ್ಕೂ ಮೊದಲೇ ಬರೆದಿಟ್ಟುಕೊಳ್ಳಿ. ಆದ ಮೇಲೆ ಅದೇ ಅರ್ಧ ಗಂಟೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ ಕೀ ತಿರುಗಿಸಿ. ಸಣ್ಣ ಟರ್ಮಿನಲ್‌ನಲ್ಲಿ ಬ್ಯಾಟರಿಗಿಂತ 0.5–0.6 ವೋಲ್ಟ್ ಕಡಿಮೆ ಬಂದರೆ ಸರಿ. ಅಷ್ಟು ಬಂದೂ ಕೂರದಿದ್ದರೆ ಆಗ ಸೊಲೆನಾಯ್ಡ್ ಬಿಚ್ಚಿ.